ಮಳೆ ಫೈಲಿಗೆ ಲಾಕ್ ಬೀಳ್ತದೆ, ಚೆಕ್‌ರೋಲಿಗೆ ಯಾಕೆ ಬೀಳಲ್ಲ?

ಜನವರಿ ಕೊನೇ ವಾರ, ರೊಬಸ್ಟಾ ಕುಯ್ಲು ಜೋರಾಗಿ ನಡೀತಿದ್ದ ಟೈಮು. ಕೊಡಗಿನ ಸಿದ್ದಾಪುರದ ಕಡೆ ಒಂದು ತೋಟದ ಆಫೀಸಿಂದ ಸಂಜೆ ಫೋನ್ ಬಂತು. ರೈಟರ್, ಅಂದ್ರೆ ತೋಟದ ಲೆಕ್ಕ ಬರೆಯೋರು, ಮಾತಾಡ್ತಿದ್ರು, ತೂಕದ ಮನೆ ಮೆಷಿನ್ನಲ್ಲಿ ಮಳೆ ಲೆಕ್ಕ ಹಾಕಿದ್ರೆ ಹೋಗ್ತದೆ, ಅದೇ ಮೆಷಿನ್ನಲ್ಲಿ ಚೆಕ್‌ರೋಲ್ ಹಾಕಕ್ಕೆ ಹೋದ್ರೆ ಲಾಕ್ ಇಲ್ಲ ಅಂತ ಬರ್ತದೆ, ಕೆಲಸದವರೆಲ್ಲ ಮೂಟೆ ಹೊತ್ಕೊಂಡು ಕ್ಯೂನಲ್ಲಿ ನಿಂತಿದಾರೆ, ಏನ್ ಮಾಡ್ಲಿ ಅಂತ. ಸ್ಕ್ರೀನ್ ಮೇಲೆ ಬರ್ತಿದ್ದ ಸಾಲು 'ನೋ ಲಾಕ್ಸ್ ಅವೈಲಬಲ್'. ಅದನ್ನ ಓದಿದ್ರೆ ಯಾರಿಗಾದ್ರೂ ಅನ್ಸೋದು ಸರ್ವರ್‌ನಲ್ಲಿ ಲಾಕ್‌ಗಳ ಸ್ಟಾಕ್ ಮುಗ್ದಿದೆ ಅಂತ. ನನಗೂ ಮೊದಲು ಹಾಗೇ ಅನ್ಸಿತ್ತು.

ಎರಡು ಫೈಲೂ ಒಂದೇ ಸರ್ವರ್, ಒಂದೇ ಫೋಲ್ಡರ್. ಮಳೆ ಫೈಲ್ ಅಂದ್ರೆ ನಮ್ಮ ಕಡೆ ಎಲ್ಲಾ ತೋಟದಲ್ಲೂ ಇರೋ ಅದೇ ಲೆಕ್ಕ, ದಿನಾ ಬೆಳಗ್ಗೆ ಗೇಜ್ ನೋಡಿ ಇಂಚು, ಸೆಂಟು ಬರೀತಾರಲ್ಲ ಅದು, ಮಳೆ ಇಲ್ಲದ ದಿನ ಸೊನ್ನೆ. ಚೆಕ್‌ರೋಲ್ ಅಂದ್ರೆ ಯಾರು ಬಂದ್ರು, ಎಷ್ಟು ಕಿಲೋ ಕುಯ್ದ್ರು, ಎಷ್ಟು ಮುಂಗಡ ತಗೊಂಡ್ರು ಅನ್ನೋದು. ಎರಡರ ಮಧ್ಯೆ ಇದ್ದ ಒಂದೇ ವ್ಯತ್ಯಾಸ ಪರ್ಮಿಷನ್. ಮಳೆ ಫೈಲ್ 664, ಅಂದ್ರೆ ಓನರು ಮತ್ತೆ ಗುಂಪಿನವರು ಬರೀಬಹುದು, ಮಿಕ್ಕವರು ಓದಬಹುದು. ಚೆಕ್‌ರೋಲ್ 660, ಮಿಕ್ಕವರಿಗೆ ಏನೂ ಇಲ್ಲ. ತೂಕದ ಮನೆ ರೈಟರ್ ಆ ಗುಂಪಿನಲ್ಲೇ ಇದಾರೆ, ಚೆಕ್‌ರೋಲ್ ಓದಕ್ಕೂ ಬರ್ತಿತ್ತು, ಬರೆಯಕ್ಕೂ ಬರ್ತಿತ್ತು, ಲಾಕ್ ಮಾತ್ರ ಇಲ್ಲ. ಓದು ಬರಹ ಎರಡೂ ಮಾಡೋ ಹಕ್ಕಿರೋ ಮನುಷ್ಯನಿಗೆ ಲಾಕ್ ಹಾಕೋ ಹಕ್ಕು ಹೇಗೆ ಇಲ್ದೇ ಹೋಗ್ತದೆ? ಈ ಒಂದು ಪ್ರಶ್ನೆ ಹಿಡ್ಕೊಂಡು ಹೋದ್ರೆ ನೆಟ್‌ವರ್ಕ್ ಫೈಲ್ ಸರ್ವರ್‌ನ ಅರ್ಧ ಕಥೆ ಬಿಚ್ಕೊಳ್ತದೆ, ಅದಕ್ಕೇ ಬರೀತಿದೀನಿ.

ಮೊದಲು ಲಾಕ್ ಅಂದ್ರೆ ಏನು ಅನ್ನೋದನ್ನ ಸರಿ ಮಾಡ್ಕೊಳ್ಳೋಣ. ಲಿನಕ್ಸ್‌ನಂಥ ಸಿಸ್ಟಮ್‌ಗಳಲ್ಲಿ ಫೈಲ್ ಲಾಕ್ ಅನ್ನೋದು ಬಾಗಿಲಿಗೆ ಹಾಕೋ ಬೀಗ ಅಲ್ಲ. ಅಣ್ಣತಮ್ಮಂದಿರಿಗೆಲ್ಲ ಸೇರಿ ಒಂದೇ ಕಾಫಿ ಕಣ ಉಂಟು ಅಂದ್ಕೊಳ್ಳಿ. ಇವತ್ತು ನಂದು ಅಂತ ಒಬ್ಬ ಮೂಲೇಲಿ ಬುಟ್ಟಿ ಇಟ್ಟು ಹೋದ್ರೆ ಇನ್ನೊಬ್ಬ ಬಂದು ನೋಡಿ, ಓ ಬುಟ್ಟಿ ಇದೆ, ನಾಳೆ ಹರಡ್ತೀನಿ ಅಂತ ವಾಪಸ್ ಹೋಗ್ತಾನೆ. ಬುಟ್ಟಿ ಯಾರನ್ನೂ ತಡೆಯಲ್ಲ, ನೋಡದೇ ಬಂದವನು ಅದರ ಪಕ್ಕದಲ್ಲೇ ಸುರಿದ್ರೆ ಸುರೀಬಹುದು, ಇಬ್ಬರ ಕಾಯೂ ಮಿಕ್ಸ್ ಆಗ್ತದೆ. ಅಡ್ವೈಸರಿ ಲಾಕ್ ಅಂತ ಕರೆಯೋದು ಇದನ್ನೇ, ಎಲ್ಲಾ ಪ್ರೋಗ್ರಾಂಗಳೂ ಲಾಕ್ ಕೇಳಿ ಆಮೇಲೆ ಬರೆದ್ರೆ ಮಾತ್ರ ಕೆಲಸ ಮಾಡೋ ಒಪ್ಪಂದ. ಬಲವಂತದ ಲಾಕ್ ಅಂತ ಇನ್ನೊಂದು ಜಾತಿ ಲಿನಕ್ಸ್‌ನಲ್ಲಿ ಇತ್ತು, ಯಾರೂ ಸರಿಯಾಗಿ ಬಳಸ್ತಿರಲಿಲ್ಲ, 2021ರಲ್ಲಿ ಬಂದ 5.15 ಕರ್ನಲ್‌ನಲ್ಲಿ (ಕರ್ನಲ್ ಅಂದ್ರೆ ಸಿಸ್ಟಮ್‌ನ ಒಳತಿರುಳು) ತೆಗೆದೇ ಬಿಟ್ರು.

ಲಾಕ್ ಇಲ್ದೇ ಹೋದ್ರೆ ಏನಾಗ್ತದೆ ಅಂದ್ರೆ, ತೂಕದ ಮನೇಲಿ ಒಬ್ಬರು ಚೆಕ್‌ರೋಲ್ ಓದ್ಕೊಂಡು ಕಿಲೋ ಸೇರಿಸ್ತಾ ಇರ್ತಾರೆ, ಅದೇ ಹೊತ್ತಿಗೆ ಆಫೀಸಲ್ಲಿ ಇನ್ನೊಬ್ಬರು ಅದೇ ಫೈಲ್ ಓದ್ಕೊಂಡು ಮುಂಗಡ ಸೇರಿಸ್ತಾ ಇರ್ತಾರೆ, ಇವರು ಸೇವ್ ಮಾಡಿದ್ಮೇಲೆ ಅವರು ಸೇವ್ ಮಾಡ್ತಾರೆ, ಕೊನೆಗೆ ಯಾರು ಬರೆದ್ರೋ ಅವರದ್ದೇ ಉಳಿಯೋದು. ಒಬ್ಬ ಹೆಂಗಸು ಇಡೀ ದಿನ ಕುಯ್ದ ಲೆಕ್ಕ ಸದ್ದಿಲ್ಲದೇ ಮಾಯ. ಎರರ್ ಕೂಡ ಬರಲ್ಲ. ಇದು ಶನಿವಾರ ಬಟವಾಡೆ ದಿನ ಗೊತ್ತಾಗ್ತದೆ, ಆಗ ಯಾರ ಹತ್ರನೂ ಉತ್ತರ ಇರಲ್ಲ. ಹಾಗಾಗಿ ಲಾಕ್ ಬರಲಿಲ್ಲ ಅಂದ್ರೆ ಪ್ರೋಗ್ರಾಂ ನಿಂತು ಹೋಗೋದೇ ಸರಿ, ಆವತ್ತು ಆ ಮೆಷಿನ್ ನಿಂತಿದ್ದು ಸರಿಯಾಗೇ ನಿಂತಿದ್ದು.

ಸರಿ, ಬುಟ್ಟಿ ಯಾರನ್ನೂ ತಡೆಯಲ್ಲ ಅಂದ್ಮೇಲೆ ಬುಟ್ಟಿ ಇಡಕ್ಕೆ ಪರ್ಮಿಷನ್ ಯಾಕೆ ಬೇಕು ಅಂತ ಕೇಳಬಹುದು. ಒಳ್ಳೇ ಪ್ರಶ್ನೆ ಇದು. ಒಪ್ಪಂದಕ್ಕೆ ಬೆಲೆ ಕೊಡೋವ್ರು ಆ ಬುಟ್ಟಿ ನೋಡಿ ನಿಲ್ತಾರಲ್ಲ, ಅಲ್ಲೇ ಇರೋದು ವಿಷಯ. ದಾರೀಲಿ ಹೋಗೋ ಯಾರೋ ಒಬ್ಬ ದಿನಾ ಬಂದು ಕಣದಲ್ಲಿ ಬುಟ್ಟಿ ಇಟ್ಟು ಹೋದ್ರೆ ಮನೆಯವರು ಯಾರೂ ಕಾಫಿ ಒಣಗಿಸೋ ಹಾಗಿಲ್ಲ. ಅವನು ಒಂದು ಕಾಳು ಕದ್ದಿಲ್ಲ, ಆದ್ರೆ ಕೆಲಸ ಪೂರ್ತಿ ನಿಂತಿದೆ. ಅಂದ್ರೆ ಲಾಕ್ ಹಾಕೋ ಹಕ್ಕು ಅಂದ್ರೆ ಬೇರೆಯವರನ್ನ ನಿಲ್ಲಿಸೋ ಹಕ್ಕು. ಅದನ್ನ ಓದೋ ಹಕ್ಕೂ ಇಲ್ಲದವನ ಕೈಗೆ ಕೊಡಬಾರ್ದು.

ಇದನ್ನ ಒಂದೇ ಕಂಪ್ಯೂಟರ್ ಒಳಗೆ ನೋಡ್ಕೊಳ್ಳೋದು ಸುಲಭ. ಫೈಲ್ ಓಪನ್ ಮಾಡೋವಾಗ ಕರ್ನಲ್ ಒಂದು ಸಲ ಚೆಕ್ ಮಾಡ್ತದೆ, ನೀನ್ಯಾರು, ಈ ಫೈಲಿನ ಓನರಾ, ಗುಂಪಿನವನಾ, ಓದಕ್ಕಾ ಬರೆಯಕ್ಕಾ ಅಂತ. ಸರಿ ಇದ್ರೆ ಒಂದು ನಂಬರ್ ಕೊಡ್ತದೆ, ಅದಕ್ಕೆ ಫೈಲ್ ಡಿಸ್ಕ್ರಿಪ್ಟರ್ ಅಂತಾರೆ, ತೋಟದ ಗೇಟಲ್ಲಿ ವಾಚ್‌ಮ್ಯಾನ್ ಕೊಡೋ ಚೀಟಿ ಇದ್ದ ಹಾಗೆ. ಒಳಗೆ ಹೋದ್ಮೇಲೆ ಹೆಜ್ಜೆ ಹೆಜ್ಜೆಗೂ ಯಾರೂ ಕೇಳಲ್ಲ, ಚೀಟಿ ಇದ್ರಾಯ್ತು. ಲಾಕ್ ಕೇಳಿದಾಗ್ಲೂ ಅಷ್ಟೇ, ಎಫ್‌ಸಿಎನ್‌ಟಿಎಲ್ ಅನ್ನೋ ಕಾಲ್ ಬರೀ ಚೀಟಿ ನೋಡ್ತದೆ. ಓದಕ್ಕೆ ಅಂತ ಓಪನ್ ಆಗಿದ್ರೆ ರೀಡ್ ಲಾಕ್, ಬರೆಯಕ್ಕೆ ಅಂತ ಓಪನ್ ಆಗಿದ್ರೆ ರೈಟ್ ಲಾಕ್. ಬರೀ ಓದೋ ಚೀಟಿ ಹಿಡ್ಕೊಂಡು ರೈಟ್ ಲಾಕ್ ಕೇಳಿದ್ರೆ ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್ ಅಂತ ವಾಪಸ್ ಕಳಿಸ್ತದೆ. ಹೊಸದಾಗಿ ಪರ್ಮಿಷನ್ ನೋಡೋ ಪ್ರಮೇಯವೇ ಇಲ್ಲ.

ನೆಟ್‌ವರ್ಕ್‌ಗೆ ಬಂದ ತಕ್ಷಣ ಈ ಗೇಟೇ ಮಾಯ ಆಗ್ತದೆ. ಈ ತೋಟದ ಸರ್ವರ್‌ನಲ್ಲಿ ಇದ್ದಿದ್ದು ಎನ್‌ಎಫ್‌ಎಸ್, ಅಂದ್ರೆ ನೆಟ್‌ವರ್ಕ್ ಮೇಲೆ ಫೈಲ್ ಹಂಚ್ಕೊಳ್ಳೋ ಪದ್ಧತಿ. ಅದನ್ನ ಸನ್ ಮೈಕ್ರೋಸಿಸ್ಟಮ್ಸ್‌ನವರು 1984ರಲ್ಲಿ ಮಾಡಿದಾಗ ಅವರು ತಗೊಂಡ ದೊಡ್ಡ ನಿರ್ಧಾರ ಏನಂದ್ರೆ ಸರ್ವರ್ ಏನನ್ನೂ ನೆನಪಿಟ್ಕೋಬಾರ್ದು ಅಂತ. ಕರೆಂಟ್ ಹೋಗಿ ಸರ್ವರ್ ಬಿದ್ರೂ ಎದ್ದ ತಕ್ಷಣ ಏನೂ ಆಗಿಲ್ಲ ಅನ್ನೋ ಹಾಗೆ ಕೆಲಸ ಮುಂದುವರೀಬೇಕು. ಅದಕ್ಕೇ ಎರಡನೇ ಮತ್ತೆ ಮೂರನೇ ವರ್ಷನ್‌ನಲ್ಲಿ ಓಪನ್ ಅನ್ನೋ ಆದೇಶವೇ ಇಲ್ಲ. ಓದು, ಬರಿ, ಇಷ್ಟೇ. ಪ್ರತೀ ಸಲ ಓದು ಅಂತ ಕೇಳೋವಾಗ್ಲೂ ಕ್ಲೈಂಟು, ಅಂದ್ರೆ ಫೈಲ್ ಕೇಳ್ತಿರೋ ಕಂಪ್ಯೂಟರ್ರು, ತನ್ನ ಗುರುತನ್ನ ಜೊತೆಗೆ ಕಳಿಸ್ತದೆ, ಸರ್ವರ್ ಪ್ರತೀ ಸಲವೂ ಹೊಸದಾಗಿ ಚೆಕ್ ಮಾಡ್ತದೆ. ಆ ಗುರುತು ಅಂದ್ರೆ ಹೆಸರಲ್ಲ, ನಂಬರು. ಯೂಸರ್ ನಂಬರ್, ಗ್ರೂಪ್ ನಂಬರ್, ಅದರ ಮೇಲೆ ಜಾಸ್ತಿ ಅಂದ್ರೆ 16 ಗ್ರೂಪ್‌ಗಳು. ತೂಕದ ಮನೇಲಿ 1001 ಅಂದ್ರೆ ರೈಟರ್, ಸರ್ವರ್‌ನಲ್ಲಿ 1001 ಅಂದ್ರೆ ಬೇರೆ ಯಾರೋ ಆಗಿದ್ರೆ ಸರ್ವರ್‌ಗೆ ಕಾಣೋದು ಆ ಬೇರೆ ಯಾರೋ. ಹೊಸಬರು ಬೀಳೋ ಮೊದಲ ಗುಂಡಿ ಇದೇ, ಎರಡೂ ಕಡೆ ನಂಬರ್ ಒಂದೇ ಇದೆಯಾ ಅಂತ ನೋಡದೇ ಪರ್ಮಿಷನ್ ಜೊತೆ ಗುದ್ದಾಡೋದು. ಇಲ್ಲಿ ನಂಬರ್ ಸರಿ ಇತ್ತು, ಓದು ಬರಹ ನಡೀತಿತ್ತಲ್ಲ, ಅದೇ ಸಾಕ್ಷಿ.

ಸರ್ವರ್ ಪ್ರತೀ ಸಲ ಹೊಸದಾಗಿ ಚೆಕ್ ಮಾಡೋದ್ರಿಂದ ಒಂದು ಎಡವಟ್ಟು ಆಗ್ತದೆ. ಪ್ರೋಗ್ರಾಂ ಒಂದು ಹೊಸ ಫೈಲ್ ಮಾಡ್ತದೆ ಅನ್ನಿ, ಮಾಡೋವಾಗ್ಲೇ 444 ಅಂತ, ಅಂದ್ರೆ ಯಾರೂ ಬರೆಯೋ ಹಾಗಿಲ್ಲ ಅಂತ ಇಡ್ತದೆ, ಆದ್ರೆ ಬರೆಯಕ್ಕೆ ಅಂತ ತಾನು ಓಪನ್ ಮಾಡ್ಕೊಂಡಿರ್ತದೆ. ಒಂದೇ ಕಂಪ್ಯೂಟರ್ ಆದ್ರೆ ಚೀಟಿ ಇದೆ, ಬರೀಬಹುದು. ಎನ್‌ಎಫ್‌ಎಸ್‌ನಲ್ಲಿ ಚೀಟಿ ಇಲ್ಲ, ಪ್ರತೀ ಬರಹಕ್ಕೂ ಚೆಕ್ ಆಗ್ತದೆ, 444 ನೋಡಿ ಬೇಡ ಅನ್ಬೇಕು. ಹಾಗಾದ್ರೆ ಎಷ್ಟೋ ಹಳೇ ಪ್ರೋಗ್ರಾಂಗಳು ಮುರ್ಕೊಂಡು ಬೀಳ್ತವೆ. ಅದಕ್ಕೆ ಸರ್ವರ್ ಒಂದು ವಿನಾಯ್ತಿ ಇಟ್ಕೊಂಡಿದೆ, ಕೇಳ್ತಿರೋನು ಫೈಲಿನ ಓನರೇ ಆದ್ರೆ ಮೋಡ್ (ಈ 444, 664ನಂಥ ಪರ್ಮಿಷನ್ ನಂಬರು) ಏನೇ ಇರ್ಲಿ ಓದಕ್ಕೆ ಬರೆಯಕ್ಕೆ ಬಿಟ್ಬಿಡೋದು. ಲೂಸ್ ಆಯ್ತಲ್ಲ ಅನ್ಸಬಹುದು, ಆದ್ರೆ ಯೋಚನೆ ಮಾಡಿ, ಓನರ್ ಯಾವಾಗ ಬೇಕಾದ್ರೂ ಮೋಡ್ ಬದಲಾಯಿಸ್ಕೊಂಡು ಬರೀಬಹುದಲ್ಲ. ಹೊಸದಾಗಿ ಏನನ್ನೂ ಕೊಟ್ಟ ಹಾಗಾಗಲಿಲ್ಲ. ಈ ವಿನಾಯ್ತಿ ಲಾಕ್‌ಗೂ ಉಂಟು.

ಈಗ ಲಾಕ್‌ಗೆ ಬರೋಣ. ನೆನಪಿಟ್ಕೊಳ್ಳಲ್ಲ ಅಂತ ಶಪಥ ಮಾಡಿರೋ ಸರ್ವರ್ ಲಾಕ್ ಹೇಗೆ ಕೊಡ್ತದೆ? ಲಾಕ್ ಅಂದ್ರೇನೇ ನೆನಪಿಟ್ಕೊಳ್ಳೋದು. ಹಾಗಾಗಿ ಲಾಕ್ ಅನ್ನ ಎನ್‌ಎಫ್‌ಎಸ್‌ನಿಂದ ಹೊರಗಿಟ್ಟು ಪಕ್ಕದಲ್ಲಿ ಇನ್ನೊಂದು ಪ್ರೋಟೋಕಾಲ್ ಕಟ್ಟಿದ್ರು, ನೆಟ್‌ವರ್ಕ್ ಲಾಕ್ ಮ್ಯಾನೇಜರ್, ಎನ್‌ಎಲ್‌ಎಂ ಅಂತ. ಫೈಲ್ ಓದೋದು ಬರೆಯೋದು ಒಂದು ಬಾಗಿಲಲ್ಲಿ, ಪೋರ್ಟ್ 2049ರಲ್ಲಿ. ಲಾಕ್ ಕೇಳೋದು ಬೇರೆ ಬಾಗಿಲಲ್ಲಿ, ಅದರ ಪೋರ್ಟ್ ಯಾವುದು ಅಂತ 111ರಲ್ಲಿ ಕೂತಿರೋ ಪೋರ್ಟ್‌ಮ್ಯಾಪರ್ ಹತ್ರ ಕೇಳ್ಕೊಂಡು ಹೋಗ್ಬೇಕು. ಯಾರು ಬಿದ್ರು ಯಾರು ಎದ್ರು ಅಂತ ನೋಡ್ಕೊಳ್ಳಕ್ಕೆ ಸ್ಟಾಟ್‌ಡಿ ಅಂತ ಮೂರನೇದು. ಫೈರ್‌ವಾಲ್ ಈ ಪಕ್ಕದ ಬಾಗಿಲು ಮುಚ್ಚಿದ್ರೂ ಓದು ಬರಹ ಚೆನ್ನಾಗೇ ನಡೀತದೆ, ಲಾಕ್ ಮಾತ್ರ ಸಾಯ್ತದೆ. ಸ್ಟಾಟ್‌ಡಿ ಓಡ್ತಿಲ್ಲ ಅಂದ್ರೂ ನೋ ಲಾಕ್ಸ್ ಅವೈಲಬಲ್ ಬರ್ತದೆ. ನಾನು ಮೊದಲ ರಾತ್ರಿ ಪೂರ್ತಿ ಇವೆರಡನ್ನೇ ಹುಡುಕ್ತಾ ಕಳೆದೆ, ಆದ್ರೆ ಮಳೆ ಫೈಲಿಗೆ ಅದೇ ಮೆಷಿನ್ನಿಂದ ಲಾಕ್ ಬೀಳ್ತಿದೆ ಅಂದ್ಮೇಲೆ ಬಾಗಿಲು ತೆರೆದೇ ಇದೆ ಅಂತ ಆಗ್ಲೇ ಅರ್ಥ ಮಾಡ್ಕೋಬೇಕಿತ್ತು.

ಪಕ್ಕದ ಬಾಗಿಲಲ್ಲಿ ಕೂತಿರೋ ಲಾಕ್ ಮ್ಯಾನೇಜರ್‌ಗೆ ಫೈಲ್ ಪರ್ಮಿಷನ್ ಬಗ್ಗೆ ಸ್ವಂತ ಜ್ಞಾನ ಇಲ್ಲ. ಕ್ಲೈಂಟಿಂದ ರಿಕ್ವೆಸ್ಟ್ ಬಂದಾಗ ಅದು ಒಳಗಿರೋ ಎನ್‌ಎಫ್‌ಎಸ್ ಸರ್ವರ್ ಹತ್ರ ಹೋಗಿ, ಇಂಥ ಫೈಲನ್ನ ಇಂಥವನಿಗೋಸ್ಕರ ಓಪನ್ ಮಾಡ್ಕೊಡು, ಲಾಕ್ ಮಾಡಕ್ಕೆ ಅಂತ ಕೇಳ್ತದೆ. ಲಿನಕ್ಸ್ ಮ್ಯಾನುಯಲ್ ಹೇಳೋ ರೂಲ್ ಪ್ರಕಾರ, ಲಾಕ್ ಕೇಳೋ ರಿಕ್ವೆಸ್ಟ್ ಜೊತೆ ಆ ಫೈಲನ್ನ ಓದೋ ಹಕ್ಕಿರೋ ಯೂಸರ್‌ನ ಗುರುತು ಇರ್ಬೇಕು.

ಇಲ್ಲಿ ಬಹಳ ಜನ ಗೊಂದಲ ಮಾಡ್ಕೊಳ್ಳೋ ಜಾಗ ಒಂದುಂಟು. ಲಾಕ್ ರಿಕ್ವೆಸ್ಟ್ ಒಳಗೆ ಎರಡು ಬೇರೆ ಬೇರೆ ಗುರುತು ಇರ್ತದೆ. ಒಂದು, ಈ ಲಾಕ್ ಯಾರದ್ದು ಅನ್ನೋದು, ಅಂದ್ರೆ ಯಾವ ಮೆಷಿನ್ನು, ಅದರೊಳಗೆ ಯಾವ ಪ್ರೋಸೆಸ್ಸು. ಆಮೇಲೆ ಲಾಕ್ ಬಿಡಿಸೋವಾಗ ಯಾವ ಲಾಕ್ ಬಿಡಿಸ್ಬೇಕು ಅಂತ ಗೊತ್ತಾಗಕ್ಕೆ, ಇಬ್ಬರ ಲಾಕ್ ಒಂದಕ್ಕೊಂದು ಗುದ್ದುತ್ತಾ ಅಂತ ನೋಡಕ್ಕೆ ಅದು ಬೇಕು. ಇನ್ನೊಂದು, ಲಕೋಟೆ ಮೇಲಿರೋ ಗುರುತು, ಕೇಳ್ತಿರೋ ಯೂಸರ್ ಯಾರು, ಗ್ರೂಪ್ ಯಾವುದು ಅನ್ನೋದು. ಪರ್ಮಿಷನ್ ಚೆಕ್ ಆಗೋದು ಈ ಎರಡನೇದರ ಮೇಲೆ ಮಾತ್ರ. ಮೂಟೆ ಮೇಲೆ ಬರೆದಿರೋ ಹೆಸರು ಬೇರೆ, ಮೂಟೆ ತಂದವನ ಕೈಲಿರೋ ಪಾಸು ಬೇರೆ, ಮೂಟೆ ಮೇಲಿನ ಹೆಸರು ಎಷ್ಟೇ ಸರಿ ಇದ್ರೂ ಪಾಸ್ ಇಲ್ದೇ ಗೇಟ್ ದಾಟಲ್ಲ.

ಹಳೇ ಕಾಲದ ಎನ್‌ಎಫ್‌ಎಸ್ ಕ್ಲೈಂಟುಗಳು ಮಾಡಿದ ತಪ್ಪು ಇದೇ. ಓದು ಬರಹದ ರಿಕ್ವೆಸ್ಟ್ ಮೇಲೆ ಯೂಸರ್ ಗುರುತು ಸರಿಯಾಗಿ ಹಾಕ್ತಿದ್ವು, ಲಾಕ್ ರಿಕ್ವೆಸ್ಟ್ ಮಾತ್ರ ಖಾಲಿ ಲಕೋಟೇಲಿ ಕಳಿಸ್ತಿದ್ವು. ಆ ಕಾಲದ ಸರ್ವರ್‌ಗಳು ಕೇಳ್ತಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗ್ಲಿಲ್ಲ, ಆ ಕೋಡ್ ಮೇಲೇನೇ ಇನ್ನೊಂದಷ್ಟು ಡಿವೈಸ್‌ಗಳನ್ನ ಕಟ್ಟಿದ್ರು. ತೂಕದ ಮನೇಲಿದ್ದ ಹಳೇ ಪೆಟ್ಟಿಗೆ ಆ ಜಾತೀದು. ಎರಡನೇ ದಿನ ವೈರ್‌ಶಾರ್ಕ್ ಅನ್ನೋ, ನೆಟ್‌ವರ್ಕ್‌ನಲ್ಲಿ ಏನು ಹೋಗ್ತದೆ ಅಂತ ತೋರಿಸೋ ಪ್ರೋಗ್ರಾಂ ಹಾಕಿ ಪ್ಯಾಕೆಟ್ ನೋಡಿದೆ, ಬರಹದ ಪ್ಯಾಕೆಟ್‌ನಲ್ಲಿ 1001 ಅಂತ ಸ್ಪಷ್ಟವಾಗಿ ಕೂತಿದೆ, ಲಾಕ್ ಪ್ಯಾಕೆಟ್‌ನಲ್ಲಿ ಗುರುತಿನ ಜಾಗ ಖಾಲಿ. ಗುರುತಿಲ್ಲದೇ ಬಂದವನನ್ನ ಸರ್ವರ್ ನೋಬಡಿ ಅಂತ ಲೆಕ್ಕಕ್ಕೆ ತಗೊಳ್ತದೆ, ಸಾಮಾನ್ಯವಾಗಿ ಅವನ ನಂಬರ್ 65534. ರೂಟ್ (ಎಲ್ಲಾ ಹಕ್ಕೂ ಇರೋ ಯೂಸರ್) ಅಂತ ಹೇಳ್ಕೊಂಡು ಬಂದ್ರೂ ರೂಟ್ ಸ್ಕ್ವಾಷ್ ಅನ್ನೋ ಸೆಟ್ಟಿಂಗ್ ಅವನನ್ನೂ ನೋಬಡಿ ಮಾಡ್ತದೆ, ಡೀಫಾಲ್ಟೇ ಹಾಗೆ. ನೋಬಡಿ ಓನರಲ್ಲ, ಗುಂಪಿನವನೂ ಅಲ್ಲ, ಹಾಗಾಗಿ ಅವನು ಮಿಕ್ಕವರು. ಮಳೆ ಫೈಲ್ 664, ಮಿಕ್ಕವರು ಓದಬಹುದು, ಲಾಕ್ ತಗೋ ಅಂತ ಕೊಡ್ತು. ಚೆಕ್‌ರೋಲ್ 660, ಮಿಕ್ಕವರಿಗೆ ಏನಿಲ್ಲ, ಹೋಗು ಅಂತು. ಪಕ್ಕದ ಬಾಗಿಲಿನ ಈ ಇಲ್ಲ ಅನ್ನೋದು ಕ್ಲೈಂಟ್ ತಲುಪೋ ಹೊತ್ತಿಗೆ ಪರ್ಮಿಷನ್ ಡಿನೈಡ್ ಅನ್ನೋ ರೂಪ ಕಳ್ಕೊಂಡು ನೋ ಲಾಕ್ಸ್ ಅವೈಲಬಲ್ ಆಗಿರ್ತದೆ. ದಾರಿ ತಪ್ಪಿಸೋದು ಇಲ್ಲೇ. ಮ್ಯಾನುಯಲ್‌ನಲ್ಲಿ ಇದರ ಲಕ್ಷಣ ಒಂದೇ ಸಾಲಲ್ಲಿ ಉಂಟು, ಎಲ್ಲರೂ ಓದಬಹುದಾದ ಫೈಲ್‌ಗಳಿಗೆ ಮಾತ್ರ ಲಾಕ್ ಬೀಳ್ತಿದೆ ಅಂತ ಕಂಡ್ರೆ ಈ ಆಪ್ಷನ್ ಹಾಕಿ ಅಂತ. ನಮ್ಮ ಮಳೆ ಫೈಲಿನ ಕಥೆಯೇ ಅದು.

ಆ ಆಪ್ಷನ್‌ಗೆ ಬರೋದಕ್ಕಿಂತ ಮೊದಲು ನಾನು ಮಾಡಿದ ತಪ್ಪು ಹೇಳ್ಬೇಕು. ಮೊದಲ ರಾತ್ರಿ ಕ್ಯೂ ಕರಗಿಸಕ್ಕೆ ಅಂತ ಚೆಕ್‌ರೋಲನ್ನೂ 664 ಮಾಡ್ಬಿಟ್ಟೆ. ಲಾಕ್ ಬಿತ್ತು, ತೂಕ ಮುಗೀತು, ಎಲ್ಲರೂ ಮನೆಗೆ ಹೋದ್ರು. ಎರಡನೇ ದಿನ ಕಾರಣ ಸಿಕ್ಕಿದ್ರೂ ಅದನ್ನ ವಾಪಸ್ ಹಾಕಲಿಲ್ಲ, ಸರಿಯಾದ ದಾರಿ ಇನ್ನೂ ಗೊತ್ತಿರಲಿಲ್ಲ, ಸಂಜೆ ಮತ್ತೆ ಕ್ಯೂ ನಿಲ್ಲೋದು ಬೇಡ ಅಂತ. ಮೂರನೇ ದಿನ ರೈಟರ್ ಮತ್ತೆ ಫೋನ್ ಮಾಡಿದ್ರು, ಈ ಸಲ ದನಿ ಬೇರೆ ಥರ ಇತ್ತು. ಯಾರೋ ಒಬ್ಬರು ಎಷ್ಟು ಮುಂಗಡ ತಗೊಂಡಿದಾರೆ ಅನ್ನೋದು ಲೈನ್ ಮನೆಗಳಲ್ಲೆಲ್ಲ ಮಾತಾಗಿದೆ, ಇನ್ನೊಂದು ಡಿವಿಷನ್ ಕಂಪ್ಯೂಟರ್‌ನಲ್ಲಿ ಯಾರೋ ಫೈಲ್ ತೆಗೆದು ನೋಡಿದಾರೆ ಅಂತ. ಮನೆ ಕಷ್ಟಕ್ಕೆ ತಗೊಂಡ ದುಡ್ಡು ಊರ ಬಾಯಿಗೆ ಬಿತ್ತು, ಆ ನಾಲ್ಕನ್ನ ಒತ್ತಿದ್ದು ನಾನು. ಆವತ್ತಿಂದ ಲಾಕ್ ಬರ್ತಿಲ್ಲ ಅಂತ ಫೈಲಿನ ಮೋಡ್ ಸಡಿಲ ಮಾಡೋದನ್ನ ನಾನು ಯಾರಿಗೂ ಹೇಳಿಕೊಡಲ್ಲ, ಯಾರಾದ್ರೂ 777 (ಎಲ್ಲರಿಗೂ ಎಲ್ಲಾ ಹಕ್ಕು) ಮಾಡಿ ಸರಿ ಹೋಗ್ತದೆ ಅಂದ್ರೆ ಅವರನ್ನ ಕೂರಿಸ್ಕೊಂಡು ಈ ವಿಷಯ ಹೇಳ್ತೀನಿ.

ಇನ್ನೊಂದು ಅಡ್ಡ ದಾರಿ ಕ್ಲೈಂಟ್‌ನಲ್ಲಿ ನೋಲಾಕ್ ಅಂತ ಹಾಕಿ ಮೌಂಟ್ ಮಾಡೋದು, ಅಂದ್ರೆ ಸರ್ವರ್ ಫೋಲ್ಡರನ್ನ ಹಾಗೆ ಜೋಡಿಸ್ಕೊಳ್ಳೋದು. ಎರರ್ ಹೋಗ್ತದೆ ನಿಜ, ಆದ್ರೆ ಆಗ ಲಾಕ್ ಸರ್ವರ್‌ಗೇ ಹೋಗಲ್ಲ, ಆ ಮೆಷಿನ್ ಒಳಗಡೆ ಮಾತ್ರ ಇರ್ತದೆ. ಅಂದ್ರೆ ಕಣದ ಬುಟ್ಟಿಯನ್ನ ನಮ್ಮ ಮನೆ ಒಳಗೇ ಇಟ್ಕೊಂಡ ಹಾಗೆ, ನಮಗೆ ಕಾಣ್ತದೆ, ತಮ್ಮನಿಗೆ ಕಾಣಲ್ಲ. ಒಂದೇ ಮೆಷಿನ್ ಬಳಸೋ ಫೋಲ್ಡರ್ ಆದ್ರೆ ಪರವಾಗಿಲ್ಲ, ಚೆಕ್‌ರೋಲ್‌ಗೆ ಇದು ಎಲ್ಲಕ್ಕಿಂತ ಕೆಟ್ಟ ದಾರಿ.

ಮ್ಯಾನುಯಲ್ ಹೇಳೋ ಆಪ್ಷನ್ ಹೆಸರು ಇನ್‌ಸೆಕ್ಯೂರ್ ಲಾಕ್ಸ್, ಇನ್ನೊಂದು ಹೆಸರು ನೋ ಆಥ್ ಎನ್‌ಎಲ್‌ಎಂ, ಎರಡೂ ಒಂದೇ. ಯಾವ ಫೋಲ್ಡರ್ ಯಾವ ಕಂಪ್ಯೂಟರ್‌ಗೆ ಅಂತ ಬರೆದಿರೋ ಸರ್ವರ್‌ನ ಎಕ್ಸ್‌ಪೋರ್ಟ್ಸ್ ಫೈಲಲ್ಲಿ ಹಾಕೋದು. ಹಾಕಿದ್ರೆ ಪಕ್ಕದ ಬಾಗಿಲಲ್ಲಿ ಬಂದ ಲಾಕ್ ರಿಕ್ವೆಸ್ಟ್‌ಗೆ ಪರ್ಮಿಷನ್ ಚೆಕ್ಕೇ ಮಾಡಲ್ಲ. ಹೆಸರಲ್ಲೇ ಇನ್‌ಸೆಕ್ಯೂರ್ ಅಂತಿದೆ, ಕೇಳಿದ್ರೆ ಭಯ ಆಗ್ತದೆ, ಆದ್ರೆ 664 ಜೊತೆ ಇದನ್ನ ಪಕ್ಕಪಕ್ಕ ಇಟ್ಟು ನೋಡಿ. ಮೋಡ್ ಸಡಿಲ ಮಾಡಿದ್ರೆ ಫೈಲ್ ಒಳಗಿರೋದು ಎಲ್ಲರಿಗೂ ಕಾಣ್ತದೆ. ಈ ಆಪ್ಷನ್ ಹಾಕಿದ್ರೆ ಒಳಗಿರೋ ಒಂದಕ್ಷರವೂ ಯಾರಿಗೂ ಕಾಣಲ್ಲ, ಓದು ಬರಹಕ್ಕೆ ಮೊದಲಿನ ಚೆಕ್ಕೇ ಇರ್ತದೆ, ಕೆಡುಕು ಅಂದ್ರೆ ಸಂಬಂಧ ಇಲ್ಲದವನು ಲಾಕ್ ಹಿಡ್ಕೊಂಡು ಕೂತು ಕೆಲಸ ನಿಲ್ಲಿಸಬಹುದು ಅನ್ನೋದಷ್ಟೇ. ಅದರ ಮೇಲೆ ಈ ಆಪ್ಷನ್ನನ್ನ ಕ್ಲೈಂಟ್ ಪ್ರಕಾರ ಬೇರೆ ಬೇರೆ ಕೊಡಬಹುದು, ಅದೇ ಫೋಲ್ಡರ್ ತೂಕದ ಮನೆಯ ಐಪಿ ಅಡ್ರೆಸ್‌ಗೆ ಮಾತ್ರ ಇನ್‌ಸೆಕ್ಯೂರ್ ಲಾಕ್ಸ್, ಮಿಕ್ಕ ಕಂಪ್ಯೂಟರ್‌ಗಳಿಗೆ ಮಾಮೂಲಿ. ನಾನು ಮೂರನೇ ದಿನ ಹಾಗೇ ಮಾಡಿ ಚೆಕ್‌ರೋಲನ್ನ 660ಕ್ಕೆ ವಾಪಸ್ ತಂದೆ. ಕುಯ್ಲು ಮುಗಿಯೋ ತನಕ ಹಾಗೇ ಓಡ್ತು.

ಆದ್ರೂ ಅದು ತಾತ್ಕಾಲಿಕ. ಸರಿಯಾದ ಉತ್ತರ ನಾಲ್ಕನೇ ವರ್ಷನ್. ಮೊದಲು 2000ದಲ್ಲಿ, ಆಮೇಲೆ ತಿದ್ದಿ 2003ರಲ್ಲಿ ಅದರ ಸ್ಟ್ಯಾಂಡರ್ಡ್ ಬಂತು, ಅದರಲ್ಲಿ ನೆನಪಿಟ್ಕೊಳ್ಳಲ್ಲ ಅನ್ನೋ ಶಪಥವನ್ನ ಬಿಟ್ರು. ಈಗ ಓಪನ್ ಉಂಟು, ಗೇಟ್ ಉಂಟು, ಚೀಟಿ ಉಂಟು, ಚೀಟಿಗೆ ಸ್ಟೇಟ್‌ಐಡಿ ಅಂತ ಹೆಸರು. ಲಾಕ್ ಅನ್ನೋದು ಪಕ್ಕದ ಬಾಗಿಲಿಂದ ಎದ್ದು ಮುಖ್ಯ ಬಾಗಿಲಿಗೇ ಬಂತು, ಎಲ್ಲಾ 2049ರಲ್ಲೇ, ಪೋರ್ಟ್‌ಮ್ಯಾಪರ್ ಬೇಡ, ಸ್ಟಾಟ್‌ಡಿ ಬೇಡ. ಲಾಕ್ ಕೇಳೋವಾಗ ಓಪನ್ ಮಾಡಿದ ಚೀಟಿ ತೋರಿಸ್ಬೇಕು, ಓದಕ್ಕೆ ಮಾತ್ರ ಓಪನ್ ಮಾಡಿದ ಚೀಟಿಗೆ ರೈಟ್ ಲಾಕ್ ಕೇಳಿದ್ರೆ ಓಪನ್‌ಮೋಡ್ ತಪ್ಪು ಅಂತ ಸ್ಪಷ್ಟವಾಗಿ ಹೇಳ್ತದೆ. ಖಾಲಿ ಲಕೋಟೆ ಸಮಸ್ಯೆ ಹುಟ್ಟೋದೇ ಇಲ್ಲ, ಯಾಕಂದ್ರೆ ಗುರುತಿಲ್ಲದವನು ಓಪನ್ನಲ್ಲೇ ಸಿಕ್ಕಿಬೀಳ್ತಾನೆ. ಮೂರನೇ ವರ್ಷನ್ ಮೇಲೆ ಈಗ ಟಿಎಲ್‌ಎಸ್ ಅನ್ನೋ ಗುಪ್ತಲಿಪಿಯ ಹೊದಿಕೆ ಹಾಕಿ ಸೇಫ್ ಮಾಡೋದೂ ಬಂದಿದೆ, ಆದ್ರೆ ಲಿನಕ್ಸ್‌ನ ಎನ್‌ಎಲ್‌ಎಂ ಟಿಎಲ್‌ಎಸ್ ಮೇಲೆ ಹೋಗಲ್ಲ, ಅಲ್ಲೂ ಪಕ್ಕದ ಬಾಗಿಲಿಗೆ ಬೇರೆ ವಿನಾಯ್ತಿ ಬೇಕಾಗ್ತದೆ. ಎಲ್ಲಾ ತೊಂದರೆಯೂ ಅದೇ ಬಾಗಿಲಿಂದ.

ಒಂದು ಮಾತು ಇಲ್ಲಿ ಮುಚ್ಚಿಡೋ ಹಾಗಿಲ್ಲ. ನಾಲ್ಕನೇ ವರ್ಷನ್ ಹಾಕಿದ್ರೂ ಗುರುತು ಅಂದ್ರೆ ಬರೀ ನಂಬರ್ ಆಗಿದ್ರೆ ಸರ್ವರ್ ನಂಬ್ತಿರೋದು ಕ್ಲೈಂಟ್ ಮಷಿನ್ನಿನ ಮಾತನ್ನ. ತನ್ನ ಲ್ಯಾಪ್‌ಟಾಪ್‌ನಲ್ಲಿ ರೂಟ್ ಆಗಿರೋನು 1001 ಅಂತ ಯೂಸರ್ ಮಾಡ್ಕೊಂಡು ಬಂದ್ರೆ ಸರ್ವರ್‌ಗೆ ಅವನೇ ರೈಟರ್. ಅದಕ್ಕೆ ಕೆರ್‌ಬರಾಸ್ ಅಂತ ನಿಜವಾದ ಗುರುತಿನ ವ್ಯವಸ್ಥೆ ಇದೆ, ಸಣ್ಣ ಆಫೀಸಿಗೆ ಅದು ಭಾರ ಅನ್ಸಿದ್ರೆ ಕನಿಷ್ಠ ಎಕ್ಸ್‌ಪೋರ್ಟ್ ಅನ್ನ ಗೊತ್ತಿರೋ ಐಪಿಗಳಿಗೆ ಮಾತ್ರ ಕೊಡಿ, ಆಫೀಸ್ ವೈಫೈ ಪಾಸ್‌ವರ್ಡ್ ಬಂದುಹೋಗೋರಿಗೆಲ್ಲ ಕೊಡಬೇಡಿ.

ಇನ್ನೆರಡು ಲಾಕ್ ತೊಂದರೆ, ಇವೂ ಪರ್ಮಿಷನ್ನಿಗೇ ಸೇರಿದ್ದು, ಬಹಳ ಸಲ ಕೇಳ್ತಾರೆ. ಎಫ್‌ಲಾಕ್ ಅಂತ ಇನ್ನೊಂದು ಥರದ ಲಾಕ್ ಇದೆ, ಬ್ಯಾಕಪ್ ಸ್ಕ್ರಿಪ್ಟ್ ಬರೆಯೋರು ಇದನ್ನೇ ಬಳಸೋದು, ಲೋಕಲ್ ಡಿಸ್ಕ್‌ನಲ್ಲಿ ಅದಕ್ಕೆ ಚೀಟಿ ಓದೋದಾ ಬರೆಯೋದಾ ಅನ್ನೋ ಭೇದ ಇಲ್ಲ, ಓದಕ್ಕೆ ಓಪನ್ ಮಾಡಿ ಎಕ್ಸ್‌ಕ್ಲೂಸಿವ್ ಲಾಕ್ ತಗೋಬಹುದು. ಅದೇ ಸ್ಕ್ರಿಪ್ಟ್ ಎನ್‌ಎಫ್‌ಎಸ್ ಫೋಲ್ಡರ್‌ಗೆ ತಂದ್ರೆ ನಿಲ್ತದೆ, ಯಾಕಂದ್ರೆ 2.6.12 ಕರ್ನಲ್‌ನಿಂದ ಈಚೆಗೆ ಎನ್‌ಎಫ್‌ಎಸ್ ಮೇಲೆ ಎಫ್‌ಲಾಕ್ ಅನ್ನೋದು ಇಡೀ ಫೈಲಿನ ಮೇಲಿನ ಎಫ್‌ಸಿಎನ್‌ಟಿಎಲ್ ಲಾಕ್ ಆಗಿ ಬದಲಾಗಿ ಹೋಗ್ತದೆ, ಎಕ್ಸ್‌ಕ್ಲೂಸಿವ್ ಬೇಕಂದ್ರೆ ಬರೆಯಕ್ಕೆ ಓಪನ್ ಆಗಿರ್ಲೇಬೇಕು. ನಿನ್ನೆವರೆಗೂ ಓಡ್ತಿತ್ತು ಸರ್ವರ್‌ಗೆ ಹಾಕಿದ್ಮೇಲೆ ಕೆಟ್ಟೋಯ್ತು ಅಂತ ಬರೋ ಕೇಸ್‌ಗಳಲ್ಲಿ ಎಷ್ಟೋ ಸಲ ನಾನು ಕಂಡಿದ್ದು ಇದನ್ನೇ.

ಎರಡನೇದು ಲಿಬ್ರೆಆಫೀಸ್. ಅದು ಶೀಟ್ ಓಪನ್ ಮಾಡಿದಾಗ ಪಕ್ಕದಲ್ಲೇ ಚುಕ್ಕಿಯಿಂದ ಶುರುವಾಗೋ ಒಂದು ಸಣ್ಣ ಲಾಕ್ ಫೈಲ್ ಮಾಡ್ತದೆ, ಯಾರು ಓಪನ್ ಮಾಡಿದಾರೆ, ಯಾವ ಮೆಷಿನ್ನು, ಎಷ್ಟೊತ್ತಿಗೆ ಅಂತ ಅದರಲ್ಲಿ ಬರೆದಿರ್ತದೆ. ಇದಕ್ಕೆ ಬೇಕಾಗೋ ಪರ್ಮಿಷನ್ ಫೈಲಿಂದಲ್ಲ, ಫೋಲ್ಡರ್‌ದು. ಫೈಲ್ ಬರೆಯೋ ಹಕ್ಕು ಇದ್ದೂ ಫೋಲ್ಡರ್‌ನಲ್ಲಿ ಹೊಸ ಫೈಲ್ ಮಾಡೋ ಹಕ್ಕು ಇಲ್ದಿದ್ರೆ ಲಾಕ್ ಫೈಲ್ ಮಾಡಕ್ಕಾಗಲ್ಲ ಅಂತ ಡಬ್ಬಿ ಬರ್ತದೆ. ಹಾಗಂತ ಫೋಲ್ಡರ್ ಎಲ್ಲರಿಗೂ ತೆಗೆದ್ರೆ, ಫೋಲ್ಡರ್‌ಗೆ ಬರೆಯೋನು ಅದರೊಳಗಿನ ಫೈಲ್ ಅಳಿಸಕ್ಕೂ ಬಹುದು, ಆ ಫೈಲ್ ಮೇಲೆ ಅವನಿಗೆ ಹಕ್ಕಿಲ್ದಿದ್ರೂ. ಗುಂಪಿಗೆ ಮಾತ್ರ ಕೊಡಿ.

ಕರೆಂಟ್ ವಿಷಯ ಹೇಳದೇ ಇದ್ರೆ ಕೊಡಗಿನ ಲೆಕ್ಕ ಪೂರ್ತಿ ಆಗಲ್ಲ. ಜುಲೈನಲ್ಲಿ ಮರ ಬಿದ್ದು ಲೈನ್ ಕಟ್ ಆಗಿ, ಯುಪಿಎಸ್ಸೂ ಮುಗಿದು ಸರ್ವರ್ ಬಿದ್ದು ಎದ್ರೆ, ನಾಲ್ಕನೇ ವರ್ಷನ್‌ನಲ್ಲಿ ಡೀಫಾಲ್ಟಾಗಿ 90 ಸೆಕೆಂಡ್ ಹೊಸ ಲಾಕ್ ಯಾರಿಗೂ ಕೊಡಲ್ಲ. ಮೊದಲು ಲಾಕ್ ಹಿಡ್ಕೊಂಡಿದ್ದವರು ಬಂದು ನಂದು ಇತ್ತು ಅಂತ ವಾಪಸ್ ತಗೊಳ್ಳಕ್ಕೆ ಬಿಟ್ಟಿರೋ ಟೈಮ್ ಅದು. ಆ ಒಂದೂವರೆ ನಿಮಿಷ ಸ್ಕ್ರೀನ್ ಅಲ್ಲಾಡಲ್ಲ, ಹ್ಯಾಂಗ್ ಆಯ್ತು ಅಂತ ಸ್ವಿಚ್ ಆಫ್ ಮಾಡೋದು ಬೇಡ, ಕಾಯಿರಿ ಅಂತ ರೈಟರ್‌ಗಳಿಗೆಲ್ಲ ಹೇಳಿಟ್ಟಿದೀನಿ. ಕ್ಲೈಂಟ್ ಬಿದ್ದು ವಾಪಸ್ ಬರಲೇ ಇಲ್ಲ ಅಂದ್ರೂ ಅದರ ಲಾಕ್ ಶಾಶ್ವತವಾಗಿ ಉಳಿಯಲ್ಲ, ಲೀಸ್, ಅಂದ್ರೆ ಸರ್ವರ್ ಕೊಟ್ಟಿರೋ ಗಡುವು, ಮುಗಿದ್ಮೇಲೆ ಸರ್ವರ್ ಅದನ್ನ ತೆಗೆದುಹಾಕಬಹುದು. ಮೂರನೇ ವರ್ಷನ್‌ನಲ್ಲಿ ಹಾಗಲ್ಲ, ಆ ಮೆಷಿನ್ ಮತ್ತೆ ಎದ್ದು ಸ್ಟಾಟ್‌ಡಿ ಮೂಲಕ ಹೇಳೋ ತನಕ ಬುಟ್ಟಿ ಅಲ್ಲೇ ಕೂತಿರ್ತದೆ.

ಕುಯ್ಲು ಮುಗಿದ ವಾರ ತೂಕದ ಮನೆ ಹಳೇ ಪೆಟ್ಟಿಗೆ ತೆಗೆದು ಸಣ್ಣ ಲಿನಕ್ಸ್ ಪಿಸಿ ಇಟ್ವಿ, ನಾಲ್ಕನೇ ವರ್ಷನ್‌ನಲ್ಲಿ ಮೌಂಟ್ ಮಾಡಿ ಎಕ್ಸ್‌ಪೋರ್ಟ್ಸ್ ಫೈಲಿಂದ ಇನ್‌ಸೆಕ್ಯೂರ್ ಲಾಕ್ಸ್ ಅಳಿಸಿದೆ. ಆಮೇಲೆ ರೈಟರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಎರಡು ಟೆಸ್ಟ್ ಮಾಡಿದ್ವಿ. ಅವರ ಯೂಸರ್‌ನಲ್ಲಿ ಚೆಕ್‌ರೋಲ್ ಲಾಕ್ ಕೇಳಿದ್ವಿ, ಬಿತ್ತು. ಗುಂಪಲ್ಲಿ ಇಲ್ಲದ ಇನ್ನೊಂದು ಯೂಸರ್‌ನಲ್ಲಿ ಕೇಳಿದ್ವಿ, ಈ ಸಲ ಸ್ಕ್ರೀನ್ ಮೇಲೆ ಬಂದ ಸಾಲು ಪರ್ಮಿಷನ್ ಡಿನೈಡ್. ಅವರು ಅದನ್ನ ಜೋರಾಗಿ ಓದಿದ್ರು, ಆಮೇಲೆ ಮುಂಗಡದ ಕಾಲಂ ಸರಿ ಇದೆಯಾ ಅಂತ ಒಂದೊಂದೇ ಹೆಸರು ನೋಡ್ತಾ ಕೂತ್ರು.